ಮನೆ-ಕಾಯಕ: ಉಜ್ಜುವ ಯಂತ್ರ, ಉಳಿಸುವ ಕೈ

ಮುಳಬಾಗಿಲು ಎಂಬ ಊರ ಹೆಸರು ‘ಮೂಡಲ ಬಾಗಿಲು’ ಎಂಬುದರಿಂದ ಬಂದಿತೆಂದು ಹಿರಿಯರು ಹೇಳುತ್ತಾರೆ. ನಾಡಿನ ಮೂಡಣ ದಿಕ್ಕಿಗೆ ಬಾಗಿಲಾಗಿ ನಿಂತ ಈ ಸೀಮೆಯಲ್ಲಿ ಮನೆಯ ಬಾಗಿಲಿಗೂ ವಿಶೇಷ ಮರ್ಯಾದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಗೋಡೆ ಮಣ್ಣಿನದಾಗಿದ್ದರೂ, ಮಾಡಿಗೆ ಮಾಲೂರಿನ ಹೆಂಚನ್ನಷ್ಟೇ ಹೊದಿಸಿದ್ದರೂ, ತಲೆಬಾಗಿಲಿಗೂ ದೇವರಕೋಣೆಯ ಬಾಗಿಲುವಾಡಕ್ಕೂ ಮಾತ್ರ ತೇಗವನ್ನೋ ಹೊನ್ನೆಯನ್ನೋ ಹಲಸನ್ನೋ ಹುಡುಕಿ ತಂದಿರುತ್ತಿದ್ದರು. ಬಡವರಾದರೂ ಸರಿಯೇ, ಹೊಸ್ತಿಲಿನ ವಿಷಯದಲ್ಲಿ ಕೈ ಹಿಡಿಯುತ್ತಿರಲಿಲ್ಲ.

ಆ ಮನೆಗಳು ಇಂದು ಒಂದೊಂದಾಗಿ ದುರಸ್ತಿಯಾಗುತ್ತಿವೆ. ಹಳೆಯ ಬಾಗಿಲು, ಕಂಬ, ಮಂಚ, ತೊಟ್ಟಿಲು, ಮಣೆಗಳನ್ನು ಉಜ್ಜಿ ಹೊಸ ಪಾಲಿಷ್ ಮಾಡುವ ಹಂಬಲ ನಮ್ಮ ಯುವಕರಲ್ಲಿ ಬೆಳೆದಿರುವುದು ಸಂತೋಷದ ಸಂಗತಿ. ಉಪ್ಪುಕಾಗದ ಹಿಡಿದು ವಾರಗಟ್ಟಲೆ ಕುಳಿತು ಉಜ್ಜುತ್ತಿದ್ದ ಕೆಲಸವನ್ನು ಈಗ ಸ್ಯಾಂಡರ್ ಎಂಬ ವಿದ್ಯುತ್ ಯಂತ್ರ ಒಂದೆರಡು ದಿನಗಳಲ್ಲಿ ಮುಗಿಸುತ್ತದೆ. ಯಾವ ಯಂತ್ರ ಕೊಳ್ಳಬೇಕು, ಹೇಗೆ ಬಳಸಬೇಕು ಎಂದು ಕೇಳುವವರಿಗೆ ಈ ಸಂಚಿಕೆಯಲ್ಲಿ ಉತ್ತರಿಸಲು ಹೊರಟಿದ್ದೇವೆ. ಆದರೆ ಅದಕ್ಕೆ ಮುನ್ನ ನಮ್ಮಿಂದಲೇ ಆದ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮೊಮ್ಮಗಳ ಲಿಂಗದೀಕ್ಷೆಯನ್ನು ಹಳ್ಳಿಯ ಹಿರಿಮನೆಯಲ್ಲಿಯೇ ನಡೆಸಬೇಕೆಂದು ನಿಶ್ಚಯವಾಯಿತು. ದೇವರಕೋಣೆಯ ಬಾಗಿಲು ನಮ್ಮ ತಾತನವರ ಕಾಲದ್ದು. ಅದರ ಮೇಲಡ್ಡದ ನಡುವೆ ಲಿಂಗ, ಎರಡು ಪಕ್ಕದಲ್ಲಿ ಅಂಗೈಯಗಲದ ನಂದಿಗಳು. ವರ್ಷವರ್ಷವೂ ಬಳಿದ ಹಸಿರು ಬಣ್ಣ ದಪ್ಪಗಟ್ಟಿ ನಂದಿಯ ಕಣ್ಣು ಮೂಗುಗಳು ಮುಚ್ಚಿಹೋಗಿದ್ದವು. ದೀಕ್ಷೆಗೆ ಐದು ದಿನ ಉಳಿದಿತ್ತು. ನಾವು ಅವಸರದಿಂದ, ಕಬ್ಬಿಣ ಉಜ್ಜುವ ಆಂಗಲ್ ಗ್ರೈಂಡರ್ ಯಂತ್ರವನ್ನು ಬಾಡಿಗೆಗೆ ತಂದು, ಅದಕ್ಕೆ ಒರಟು ಉಪ್ಪುಕಾಗದದ ಬಿಲ್ಲೆ ಸಿಕ್ಕಿಸಿ ಏಣಿ ಹತ್ತಿದೆವು. ಬಣ್ಣ ಹಾರಿದ ವೇಗ ಕಂಡು ಹಿಗ್ಗಿದೆವು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಎಡಗಡೆಯ ನಂದಿಗೆ ಮುಖವೇ ಇರಲಿಲ್ಲ. ಬಣ್ಣದೊಡನೆ ಕೆತ್ತನೆಯೂ ಹೋಗಿತ್ತು.

ಅಷ್ಟೇ ಆಗಿದ್ದರೆ ದುಃಖ ಮಾತ್ರ ಉಳಿಯುತ್ತಿತ್ತು. ಕೆಳಗೆ ಪಡಸಾಲೆಯ ತುಂಬ ಹಸಿರು ಧೂಳು ಕೂತಿತ್ತು. ಆ ಧೂಳಿನಲ್ಲಿ ಹತ್ತು ತಿಂಗಳ ಮೊಮ್ಮಗ ಅಂಬೆಗಾಲಿಡುತ್ತ ಬೆರಳು ಚೀಪುತ್ತಿದ್ದ. ಆ ಹೊತ್ತಿಗೆ ಬಂದ ನೆಂಟರೊಬ್ಬರು, ವೈದ್ಯರು, ಮಗುವನ್ನು ಎತ್ತಿಕೊಂಡು ಹೊರಗೆ ನಡೆದು, “ಮಾವ, ಮೊದಲು ಯಂತ್ರ ನಿಲ್ಲಿಸಿ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ, ಗೊತ್ತೇ?” ಎಂದು ಗದರಿದರು. ನಮಗೆ ಗೊತ್ತಿರಲಿಲ್ಲ. ಮಗುವಿನ ರಕ್ತಪರೀಕ್ಷೆಯಾಯಿತು, ಗುರುವಿನ ಕೃಪೆಯಿಂದ ಗಾಬರಿಪಡುವಂಥದೇನೂ ಇರಲಿಲ್ಲ. ವರದಿ ಬರುವವರೆಗಿನ ದಿನಗಳನ್ನು ನಾವು ಕಳೆದ ಬಗೆಯನ್ನು ಬರೆಯಲಾರೆವು.

ಆದುದರಿಂದ ಯಂತ್ರ ಕೊಳ್ಳುವ ಮಾತಿಗಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ಇದನ್ನು ಉಜ್ಜಲೇಬೇಕೇ? ಉಜ್ಜಿದಾಗ ಏಳುವ ಧೂಳು ಎಲ್ಲಿಗೆ ಹೋಗುತ್ತದೆ? ಈ ಎರಡಕ್ಕೂ ಉತ್ತರ ದೊರೆತ ಮೇಲೆಯೇ ಅಂಗಡಿಗೆ ಹೋಗತಕ್ಕದ್ದು.

ಯಂತ್ರಗಳ ಪರಿಚಯ

ಮನೆಗೆಲಸಕ್ಕೆ ಒದಗುವ ಸ್ಯಾಂಡರುಗಳು ಮುಖ್ಯವಾಗಿ ನಾಲ್ಕು ಬಗೆ.

ಮೊದಲನೆಯದು ಅಂಗೈಯಲ್ಲಿ ಹಿಡಿಯುವ ಪಾಮ್ ಸ್ಯಾಂಡರ್. ಉಪ್ಪುಕಾಗದದ ಹಾಳೆಯನ್ನು ನಾಲ್ಕು ಭಾಗ ಮಾಡಿ, ಒಂದು ಭಾಗವನ್ನು ಇದರ ಚೌಕಾಕಾರದ ತಳಕ್ಕೆ ಕಚ್ಚಿಸುತ್ತಾರೆ. ತಳ ಅತಿ ಸಣ್ಣ ಸುತ್ತಿನಲ್ಲಿ ನಡುಗುತ್ತದೆ. ಕೆಲಸ ನಿಧಾನ, ಆದರೆ ಕಾಗದ ಅಗ್ಗ, ಮೂಲೆಯವರೆಗೂ ಹೋಗುತ್ತದೆ, ಹೊಸಬರ ಕೈಯಲ್ಲಿ ಮರವನ್ನು ಸುಲಭವಾಗಿ ಕೆಡಿಸುವುದಿಲ್ಲ. ಪಾಲಿಷಿನ ಎರಡು ಲೇಪಗಳ ನಡುವೆ ನಯಗೊಳಿಸಲು ಇದು ಬಹಳ ಯೋಗ್ಯ.

ಎರಡನೆಯದು ರ್‍ಯಾಂಡಮ್ ಆರ್ಬಿಟಲ್ ಸ್ಯಾಂಡರ್. ಇದರ ದುಂಡು ತಳ ಸಾಮಾನ್ಯವಾಗಿ 125 ಮಿಲಿಮೀಟರ್ ಅಗಲದ್ದು. ತಳವು ನಡುಗುವುದರ ಜೊತೆಗೆ ತಾನೂ ತಿರುಗುವುದರಿಂದ ಕಾಗದದ ಒಂದೇ ಹರಳು ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ಹಾಯುವುದಿಲ್ಲ, ಗೀರು ಕಡಿಮೆ. ಬಾಗಿಲಿನ ಹಲಗೆ, ಮೇಜು, ಮಂಚದ ಪಟ್ಟಿಗಳಿಗೆ ಇದಕ್ಕಿಂತ ಅನುಕೂಲವಾದುದಿಲ್ಲ. ಸಂಸಾರಕ್ಕೊಂದು ಯಂತ್ರ ಸಾಕು ಎನ್ನುವವರು ಇದನ್ನೇ ಕೊಳ್ಳಲಿ.

ಮೂರನೆಯದು ಬೆಲ್ಟ್ ಸ್ಯಾಂಡರ್. ಎರಡು ಉರುಳೆಗಳ ಮೇಲೆ ಉಪ್ಪುಕಾಗದದ ಪಟ್ಟಿ ಓಡುತ್ತದೆ. ಹತ್ತರಿಯಂತೆ ಕೆಲಸ ಮಾಡುವ ಈ ಯಂತ್ರ, ಏರುಪೇರಾದ ದಪ್ಪ ಹಲಗೆಯನ್ನು ಸಮ ಮಾಡಲು ಸರಿ. ಆದರೆ ಒಂದು ಕ್ಷಣ ಒಂದೇ ಕಡೆ ನಿಂತರೂ ಗುಂಡಿ ಬೀಳುತ್ತದೆ. ಇದನ್ನು ಕೊಳ್ಳುವ ಬದಲು ಬೇಕಾದಾಗ ಬಾಡಿಗೆಗೆ ತರುವುದು ಲೇಸು.

ನಾಲ್ಕನೆಯದು, ಇಸ್ತ್ರಿಪೆಟ್ಟಿಗೆಯಂತೆ ಮುಂದೆ ಚೂಪಾದ ತಳವುಳ್ಳ ಡೀಟೇಲ್ ಸ್ಯಾಂಡರ್. ಕಿಟಕಿಯ ಮೂಲೆ, ಕುರ್ಚಿಯ ಕಾಲುಗಳ ಸಂದಿಗೆ ಇದು ಬೇಕಾಗುತ್ತದೆ.

ಇನ್ನು ನಾವು ಬಳಸಿ ಕೆಟ್ಟ ಆಂಗಲ್ ಗ್ರೈಂಡರ್. ಇದು ಸ್ಯಾಂಡರ್ ಅಲ್ಲ. 100 ಮಿಲಿಮೀಟರ್ ಬಿಲ್ಲೆ ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದರ ಅಂಚು ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಓಡುತ್ತಿರುತ್ತದೆ. ಎಲ್ಲರ ಬಳಿಯೂ ಇದೆ, ಕೆಲಸ ಬೇಗ ಆಗುತ್ತದೆ ಎಂಬ ಕಾರಣಕ್ಕೆ ಇದನ್ನು ಹಳೆಯ ಬಾಗಿಲಿಗೆ ಹಚ್ಚಬೇಡಿರಿ. ಕೆತ್ತನೆಗಂತೂ ಯಾವ ಯಂತ್ರವೂ ಸಲ್ಲದು; ಅಲ್ಲಿ ಬೆರಳಿಗೆ ಸುತ್ತಿದ ಕಾಗದ, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಿದಿರಿನ ಕಡ್ಡಿ, ಇಷ್ಟೇ ಸಾಧನ.

ಕೊಳ್ಳುವಾಗ ಮೂರು ಅಂಶ ನೋಡಿರಿ. ವೇಗವನ್ನು ಹೆಚ್ಚು ಕಡಿಮೆ ಮಾಡುವ ಗುಂಡಿ ಇರಬೇಕು. ಧೂಳನ್ನು ಹೀರುವ ತೂತುಗಳೂ ಚೀಲವೂ, ಸಾಧ್ಯವಾದರೆ ವ್ಯಾಕ್ಯೂಮ್ ಕ್ಲೀನರ್ ಕೊಳವೆ ಜೋಡಿಸುವ ಬಾಯಿಯೂ ಇರಬೇಕು. ಅದಕ್ಕೆ ಹೊಂದುವ ಉಪ್ಪುಕಾಗದ ನಿಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ದೊರೆಯಬೇಕು. ಬ್ಯಾಟರಿಯಿಂದ ನಡೆಯುವ ಯಂತ್ರಗಳೂ ಬಂದಿವೆ. ಆದರೆ ಉಜ್ಜುವುದು ಬಹಳ ಹೊತ್ತು ನಡೆಯುವ ಕೆಲಸವಾದ್ದರಿಂದ ಬ್ಯಾಟರಿ ಬೇಗ ಬರಿದಾಗುತ್ತದೆ. ತಂತಿಯ ಯಂತ್ರವೇ ಮನೆಗೆ ಅನುಕೂಲ.

ಕಾಗದದ ಅಂಕಿ, ಕೈಯ ಕ್ರಮ

ಉಪ್ಪುಕಾಗದದ ಹಿಂದೆ ಬರೆದ ಅಂಕಿ ಹೆಚ್ಚಿದಷ್ಟೂ ಹರಳು ಸಣ್ಣದು. ಹಳೆಯ ವಾರ್ನಿಷ್ ತೆಗೆಯಲು 80, ಆಮೇಲೆ 120, ಅನಂತರ 180, ಕೊನೆಗೆ 220. ಲೇಪಗಳ ನಡುವೆ 320 ಅಥವಾ 400. ನಡುವಿನ ಮೆಟ್ಟಿಲನ್ನು ಹಾರಿದರೆ ಹಿಂದಿನ ಕಾಗದದ ಗೀರು ಉಳಿದು, ಪಾಲಿಷ್ ಹಚ್ಚಿದ ಮೇಲೆ ಸುರುಳಿ ಸುರುಳಿಯಾಗಿ ಎದ್ದು ಕಾಣುತ್ತದೆ. ಮರದ ಮೇಲೆ ಪೆನ್ಸಿಲಿನಿಂದ ತೆಳುವಾಗಿ ಅಡ್ಡಾದಿಡ್ಡಿ ಗೆರೆ ಎಳೆದುಕೊಂಡು, ಆ ಗೆರೆ ಪೂರ್ತಿ ಅಳಿಯುವವರೆಗೆ ಉಜ್ಜಿದರೆ, ಎಲ್ಲಿ ಉಜ್ಜಿದ್ದೇವೆ ಎಲ್ಲಿ ಇಲ್ಲ ಎಂಬುದು ತಾನಾಗಿ ತಿಳಿಯುತ್ತದೆ. ಪ್ರತಿ ಕಾಗದ ಬದಲಿಸುವ ಮುನ್ನ ಧೂಳನ್ನು ಒರೆಸಿ ಹೊಸದಾಗಿ ಗೆರೆ ಎಳೆಯಿರಿ.

ಯಂತ್ರವನ್ನು ಒತ್ತಬಾರದು. ಅದರ ಭಾರವೇ ಸಾಕು. ಒತ್ತಿದರೆ ರ್‍ಯಾಂಡಮ್ ಆರ್ಬಿಟಲಿನ ತಳ ತಿರುಗುವುದನ್ನು ನಿಲ್ಲಿಸಿ ಗೀರು ಬೀಳಿಸುತ್ತದೆ. ಕಾಗದವೂ ಕಾದು ಬೇಗ ಸವೆಯುತ್ತದೆ. ಈ ಯಂತ್ರವನ್ನು ಮರದ ಮೇಲಿಟ್ಟು ಆಮೇಲೆ ಸ್ವಿಚ್ ಒತ್ತಿರಿ. ಒಂದೆಡೆ ನಿಲ್ಲಿಸದೆ, ಸೆಕೆಂಡಿಗೆ ಒಂದು ಅಂಗುಲದಂತೆ ನಿಧಾನವಾಗಿ ಎಳೆಯಿರಿ. ಬೆಲ್ಟ್ ಸ್ಯಾಂಡರಿನ ಕ್ರಮ ಇದಕ್ಕೆ ವಿರುದ್ಧ: ಚಾಲೂ ಮಾಡಿದ ಮೇಲೆ ಮೃದುವಾಗಿ ಇಳಿಸಬೇಕು, ಎತ್ತಿದ ಮೇಲೆಯೇ ನಿಲ್ಲಿಸಬೇಕು, ಮರದ ಎಳೆಯ ದಿಕ್ಕಿನಲ್ಲಿಯೇ ನಡೆಸಬೇಕು. ಅಂಚುಗಳ ಬಳಿ ಯಂತ್ರವನ್ನು ಹೊರಕ್ಕೆ ಓರೆಮಾಡಿದರೆ ಅಂಚು ದುಂಡಗಾಗಿ ಬಾಗಿಲಿನ ಅಂದ ಕೆಡುತ್ತದೆ. 180ರ ಕಾಗದ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಲು ಬಿಡಿರಿ. ನೀರು ಕುಡಿದು ಮೇಲೆದ್ದ ನಾರುಗಳನ್ನು 220ರ ಕಾಗದದಿಂದ, ಈ ಸಲ ಕೈಯಿಂದಲೇ, ಎಳೆಯ ದಿಕ್ಕಿನಲ್ಲಿ ಉಜ್ಜಿ ಮುಗಿಸಿರಿ.

ಪ್ಲೈವುಡ್ ಸಾಮಾನಿನ ವಿಷಯದಲ್ಲಿ ಎಚ್ಚರ. ತೇಗದ ಬೀರು ಎಂದು ನಂಬಿದ್ದು ಅನೇಕ ವೇಳೆ ತೇಗದ ತೆಳುಪದರ ಅಂಟಿಸಿದ ಪ್ಲೈವುಡ್ ಆಗಿರುತ್ತದೆ. ಆ ಪದರ ಅರ್ಧ ಮಿಲಿಮೀಟರಿಗಿಂತ ದಪ್ಪ ಇರುವುದು ವಿರಳ. ಯಂತ್ರ ಅದನ್ನು ನಿಮಿಷದಲ್ಲಿ ಕೊರೆದುಬಿಡುತ್ತದೆ. ಅಂಚನ್ನು ನೋಡಿ ಪದರ ಗುರುತಿಸಿದರೆ 220ರ ಕಾಗದದಿಂದ ಕೈಯಲ್ಲಿಯೇ ನಯಗೊಳಿಸಿರಿ.

ಶ್ರೀನಿವಾಸಪುರದ ಕಡೆ ಹಳೆಯ ತೋಪು ಕಡಿದಾಗ ಮಾವಿನ ಹಲಗೆ ಅಗ್ಗವಾಗಿ ದೊರೆಯುತ್ತದೆ. ಮಣೆ, ಪೆಟ್ಟಿಗೆಗಳಿಗೆ ಅದು ಅಡ್ಡಿಯಿಲ್ಲ. ಆದರೆ ಚೆನ್ನಾಗಿ ಒಣಗಿದೆಯೇ, ಹುಳದ ತೂತುಗಳಿವೆಯೇ ಎಂದು ಮೊದಲು ನೋಡಬೇಕು. ಹಸಿ ಹಲಗೆಯನ್ನು ಉಜ್ಜಿದರೆ ಕಾಗದ ಮೆತ್ತಿಕೊಳ್ಳುತ್ತದೆ, ನಾರು ಏಳುತ್ತದೆ. ತೇಗದಲ್ಲಿ ಸ್ವಾಭಾವಿಕವಾದ ಎಣ್ಣೆಯಂಶವಿರುವುದರಿಂದ ಅಲ್ಲಿಯೂ ಕಾಗದ ಬೇಗ ಮುಚ್ಚಿಕೊಳ್ಳುತ್ತದೆ. ಆಗಾಗ ತಟ್ಟಿ, ತಡಮಾಡದೆ ಬದಲಿಸಬೇಕು.

ಇನ್ನೊಂದು ಮಾತು. ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತೆಂದು ಕೂಡಲೇ ಅಂಚನ್ನು ಉಜ್ಜಿಸುವವರುಂಟು. ಮರ ತೇವ ಕುಡಿದು ಉಬ್ಬಿರುತ್ತದೆ, ಅಷ್ಟೇ. ನಮ್ಮ ಬಯಲುಸೀಮೆಯ ಬೇಸಿಗೆ ಬಂದಾಗ ಅದೇ ಬಾಗಿಲು ಕುಗ್ಗಿ, ಉಜ್ಜಿಸಿದ ಕಡೆ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಉಜ್ಜುವುದಕ್ಕೂ ಪಾಲಿಷಿಗೂ ಮಾಘದಿಂದ ಚೈತ್ರದವರೆಗಿನ ಒಣದಿನಗಳೇ ತಕ್ಕವು.

ಧೂಳು ಎಂಬ ಶತ್ರು

ಧೂಳು ಮನುಷ್ಯನಿಗೆ ಏನು ಮಾಡುತ್ತದೆ ಎಂಬುದನ್ನು ಕೋಲಾರ ಜಿಲ್ಲೆಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆದ ಕಾರ್ಮಿಕರು ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ತುತ್ತಾದರು. ಗಾಳಿ ಬೀಸಿದಾಗ ಸಯನೈಡ್ ದಿಬ್ಬಗಳಿಂದೇಳುವ ಧೂಳನ್ನು ಕೆ.ಜಿ.ಎಫ್. ಜನರು ಬಲ್ಲರು. ಮರದ ಧೂಳು ಕಲ್ಲಿನ ಧೂಳಲ್ಲ, ನಿಜ. ಆದರೆ ಅದು ಸಾಧುವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. ಮೂಗಿನ ಒಳಭಾಗ ಮತ್ತು ಅದರ ಸುತ್ತಣ ಕುಹರಗಳು ಅದರಿಂದ ಬಾಧೆಗೊಳಗಾಗುತ್ತವೆ. ವರ್ಷಕ್ಕೊಮ್ಮೆ ಒಂದು ಮಣೆ ಉಜ್ಜುವವರು ಹೆದರಬೇಕಾಗಿಲ್ಲ. ಆದರೆ ದಿನವೂ ಇದೇ ಕಾಯಕದಲ್ಲಿರುವ ಆಚಾರಿಗಳನ್ನು ನಾವು ಕೆಲಸಕ್ಕೆ ಕರೆದಾಗ, ಅವರ ಮೂಗಿಗೆ ಒಂದು ಒಳ್ಳೆಯ ಮುಖಕವಚವನ್ನು ಒದಗಿಸುವುದು ಕೂಲಿ ಕೊಡುವಷ್ಟೇ ಮುಖ್ಯವಾದ ನಮ್ಮ ಹೊಣೆ.

ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಯಂತ್ರ ಎಬ್ಬಿಸುವ ಅತಿ ಸೂಕ್ಷ್ಮವಾದ ಹುಡಿಯನ್ನು ಬಟ್ಟೆ ತಡೆಯುವುದಿಲ್ಲ. ಕೊರೋನಾ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್-95 ಕವಚವನ್ನು ಮುಖಕ್ಕೆ ಬಿಗಿಯಾಗಿ ಕೂಡುವಂತೆ ಧರಿಸಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ಹತ್ತಿಗಿಂತ ಒಳ್ಳೆಯದಾದ ಬಿರಡೆ ಇರಲಿ. ಕೆಲಸ ಅಂಗಳದಲ್ಲಿ ನಡೆಯಲಿ. ಮನೆಯ ಒಳಗೆ ಬೇಡ. ಅನಿವಾರ್ಯವಾದರೆ ಆ ಕೋಣೆಯ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಪಾತ್ರೆ ಪಗಡಗಳನ್ನೂ ಹಾಸಿಗೆಯನ್ನೂ ಮೊದಲು ಹೊರಗೆ ಸಾಗಿಸಿರಿ.

ಹಳೆಯ ಬಣ್ಣದ ಸೀಸ

ಎಲ್ಲಕ್ಕಿಂತ ಮುಖ್ಯವಾದುದು ಇದು. ಹಿಂದೆ ಮನೆಗಳಿಗೆ ಬಳಿಯುತ್ತಿದ್ದ ಎಣ್ಣೆಬಣ್ಣಗಳಲ್ಲಿ, ವಿಶೇಷವಾಗಿ ಹಳದಿ, ಹಸಿರು, ಕೆಂಪು ಬಣ್ಣಗಳಲ್ಲಿ, ಸೀಸದ ಲವಣಗಳು ಸಾಮಾನ್ಯವಾಗಿದ್ದವು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಕೂಡದೆಂಬ ನಿಯಮ 2016ರಲ್ಲಿ ಹೊರಟು, 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕೂ ಹಿಂದಿನ ಬಣ್ಣವಿರುವ ಬಾಗಿಲಿನಲ್ಲಿ ಸೀಸ ಇದೆಯೆಂದೇ ಭಾವಿಸಿ ನಡೆಯುವುದು ಕ್ಷೇಮ. ಗೋಡೆಯ ಮೇಲೆ, ಬಾಗಿಲ ಮೇಲೆ ಗಟ್ಟಿಯಾಗಿ ಕೂತಿರುವ ಬಣ್ಣ ಅಷ್ಟು ಅಪಾಯಕಾರಿಯಲ್ಲ. ಅದನ್ನು ಹುಡಿ ಮಾಡಿದಾಗಲೇ ವಿಷ ಮನೆತುಂಬ ಹರಡುವುದು. ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಅಡ್ಡಿಯಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಬೆಳೆಯುವ ಮಿದುಳನ್ನು ಕುಂದಿಸುತ್ತದೆ. ಆ ಹಾನಿ ಮರಳಿ ಸರಿಹೋಗುವುದಿಲ್ಲ. ಬಸುರಿಯರಿಗೂ ಇದು ಸಲ್ಲದು.

ಆದ್ದರಿಂದ ಹಳೆಯ ಎಣ್ಣೆಬಣ್ಣಕ್ಕೆ ಒಣ ಸ್ಯಾಂಡರ್ ಹಚ್ಚಬೇಡಿರಿ. ಬಣ್ಣ ಗಟ್ಟಿಯಾಗಿದ್ದರೆ ಸೋಪುನೀರಿನಿಂದ ತೊಳೆದು, ನೀರಿನಲ್ಲಿ ನೆನೆಸಿ ಉಜ್ಜುವ ಕಾಗದದಿಂದ ಕೈಯಲ್ಲಿಯೇ ಮೇಲ್ಮೈಯನ್ನು ತುಸು ಒರಟು ಮಾಡಿ, ಅದರ ಮೇಲೆಯೇ ಹೊಸ ಬಣ್ಣ ಬಳಿಯಿರಿ. ವಿದ್ಯುತ್ ಯಂತ್ರವನ್ನು ಮಾತ್ರ ನೀರಿನ ಹತ್ತಿರ ತರಬೇಡಿರಿ. ಬಣ್ಣ ಪೂರ್ತಿ ತೆಗೆಯಲೇಬೇಕಾದರೆ, ಬಾಗಿಲನ್ನು ಕಳಚಿ ಬಯಲಿಗೆ ಒಯ್ದು, ಬಣ್ಣ ಮೆತುಮಾಡುವ ದ್ರಾವಣ ಹಚ್ಚಿ, ಹಸಿಯಿರುವಾಗಲೇ ಕೆರೆದು ತೆಗೆಯಿಸಿರಿ. ಬ್ಲೋಲ್ಯಾಂಪಿನಿಂದ ಸುಟ್ಟು ತೆಗೆಯುವ ಹಳೆಯ ರೂಢಿ ಬೇಡ. ಸೀಸದ ಹೊಗೆ ಧೂಳಿಗಿಂತ ಕೆಟ್ಟದ್ದು. ಕೆರೆದ ಬಣ್ಣವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಪುರಸಭೆಯ ಅಥವಾ ಪಂಚಾಯಿತಿಯ ಕಸ ಸಂಗ್ರಹಿಸುವವರಿಗೆ ಬೇರೆಯಾಗಿ, ಹೇಳಿ ಕೊಡಿರಿ. ತಿಪ್ಪೆಗೆ ಸುರಿದರೆ ಗೊಬ್ಬರದೊಡನೆ ಹೊಲ ಸೇರುತ್ತದೆ. ಬಣ್ಣದ ಮರದ ತುಂಡುಗಳನ್ನು ಬಚ್ಚಲ ಒಲೆಗೆ ಹಾಕುವ ಅಭ್ಯಾಸವನ್ನು ತಾಯಂದಿರು ದಯಮಾಡಿ ಬಿಡಬೇಕು. ನೆಲವನ್ನು ಪೊರಕೆಯಿಂದ ಗುಡಿಸದೆ, ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಬೇಕು. ಕೆಲಸದ ಬಟ್ಟೆಯನ್ನು ಬೇರೆ ಒಗೆಯಬೇಕು. ಕೈ ಮುಖ ತೊಳೆಯದೆ ಮಗುವನ್ನು ಎತ್ತಿಕೊಳ್ಳಬಾರದು.

ಕೊನೆಗೆ ಬೆಂಕಿ ಮತ್ತು ವಿದ್ಯುತ್ತಿನ ಮಾತು. ಅಗಸೆಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹೊರಗೆ ಒಣಗಹಾಕಿರಿ. ಉಜ್ಜುವ ಮುನ್ನ ಹಳೆಯ ಮೊಳೆಗಳನ್ನು ತೆಗೆಯಿರಿ. ಮೊಳೆಗೆ ತಾಗಿದ ಕಿಡಿ ಧೂಳಿನ ಚೀಲ ಸೇರಬಾರದು. ಕಾಗದ ಬದಲಿಸುವಾಗ ಪ್ಲಗ್ಗನ್ನೇ ಕೀಳಿರಿ. ಸವೆದ ತಂತಿಗೆ ಟೇಪು ಸುತ್ತಿ ಕೆಲಸ ನಡೆಸಬೇಡಿರಿ.

ಉಳಿದ ನಂದಿ

ಅಂದು ಯಂತ್ರ ನಿಲ್ಲಿಸಿದ ಮೇಲೆ ಶ್ರೀನಿವಾಸಪುರದ ಕಡೆಯ ವೃದ್ಧ ಆಚಾರಿಗಳೊಬ್ಬರನ್ನು ಕರೆಸಿದೆವು. ಅವರು ಮೇಲಡ್ಡವನ್ನು ಬಹಳ ಹೊತ್ತು ಕೈಯಿಂದ ಸವರಿ ನೋಡಿ, “ಸ್ವಾಮಿ, ಬೇರೆ ಮುಖ ಕೆತ್ತಿಕೊಡಬಲ್ಲೆ. ಅದು ನನ್ನ ನಂದಿ ಆಗ್ತದೆ, ನಿಮ್ಮ ತಾತನ ಕಾಲದ ಆಚಾರಿಯದ್ದು ಆಗೋದಿಲ್ಲ. ಯೋಚನೆ ಮಾಡಿ ಹೇಳಿ” ಎಂದರು. ಯೋಚಿಸಿದೆವು. ಎಡಗಡೆಯದನ್ನು ಹಾಗೆಯೇ ಬಿಡಿಸಿದೆವು. ಬಲಗಡೆಯ ನಂದಿಯ ಬಣ್ಣವನ್ನು ಅವರು ದ್ರಾವಣ ಹಚ್ಚಿ, ಬಿದಿರುಕಡ್ಡಿಯಿಂದ ಎರಡು ದಿನ ಕುಳಿತು ತೆಗೆದರು. ಅದರ ಕೊರಳಿನಲ್ಲಿ ಸಾಸಿವೆಯಷ್ಟು ಸಣ್ಣ ಗೆಜ್ಜೆಗಳಿದ್ದವು. ನಮ್ಮ ತಂದೆಯವರೂ ಅವನ್ನು ಕಂಡಿರಲಾರರು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಣ್ಣನವರು ಮರಗೆಲಸದವರು. ಅವರ ಪುಣ್ಯಸ್ತ್ರೀ ಕಾಳವ್ವೆಯವರೂ ವಚನಕಾರ್ತಿ. ಬಾಚಿ ಹಿಡಿದ ಕೈಯನ್ನು ಶರಣರು ಲಿಂಗಪೂಜೆಯ ಕೈಗೆ ಸಮನೆಂದು ಕಂಡರು. ಆ ಬಾಚಿಯ ಸ್ಥಾನದಲ್ಲಿ ಇಂದು ವಿದ್ಯುತ್ ಯಂತ್ರ ಬಂದಿದ್ದರೆ ಅದರಲ್ಲಿ ದೋಷವಿಲ್ಲ. ಆದರೆ ಯಂತ್ರ ತೆಗೆಯಬಲ್ಲದೇ ಹೊರತು ಮರಳಿ ಹಚ್ಚಲಾರದು. ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಕ ಹಿಡಿದವನದೇ. ದೀಕ್ಷೆಯ ದಿನ ನಮ್ಮ ಮೊಮ್ಮಗಳು ಆ ಬಾಗಿಲಿನಡಿ ನಿಂತು, “ತಾತ, ಈ ನಂದಿಗೆ ಮುಖ ಯಾಕಿಲ್ಲ?” ಎಂದು ಕೇಳಿದಳು. ನಾವು ನಿಜವನ್ನೇ ಹೇಳಿದೆವು.

ಓದುಗ ಬಂಧುಗಳು ತಮ್ಮ ಮನೆಯ ಬಾಗಿಲಿಗೆ ಯಂತ್ರ ಹಚ್ಚುವ ಮುನ್ನ ಒಂದು ಗಳಿಗೆ ನಿಂತು ನೋಡಲಿ ಎಂಬುದಷ್ಟೇ ನಮ್ಮ ಪ್ರಾರ್ಥನೆ.